ಏರಿಯ ತಂಪು ಜಾಗ

ನಡೆಯುವುದು ಹೇಗೆ ಎಂದು ಕೇಳಿಕೊಂಡು ಬರುವ ದೊಡ್ಡ ಮನುಷ್ಯರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ಎರಡು ವರ್ಷ ಬೆಳಬೆಳಗ್ಗೆ ನೋಡಿದ್ದೇನೆ. ಹುಟ್ಟಿದ ಒಂದು ವರ್ಷಕ್ಕೇ ಕಲಿತದ್ದನ್ನು ನಲವತ್ತೈದಕ್ಕೆ ಮರೆತುಬಿಟ್ಟವರು. ಅರ್ಧ ಜನ ವಿಮಾನ ಹತ್ತಿ ಬಂದವರು, ಇನ್ನರ್ಧ ಬೆಂಗಳೂರಿನಿಂದ ಕಾರಿನಲ್ಲಿ ಬಂದವರು. ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಹಬೆಯ ಪೆಟ್ಟಿಗೆಯಲ್ಲಿ ಕೂತು ಬೆವರಿ, ಉಪ್ಪಿಲ್ಲದ ಗಂಜಿ ಕುಡಿದು, ಆರು ಗಂಟೆಗೆ ವ್ಯಾನು ಹತ್ತಿ, ಒಂದು ಹಳ್ಳಿಯ ಕೆರೆ ಸುತ್ತ ಮೆತ್ತಗೆ ನಡೆಯುವುದಕ್ಕೆ ಹೊರಡುತ್ತಿದ್ದರು. ಮೆತ್ತಗೆ! ಅವರನ್ನು ಅಟ್ಟಿಸಿಕೊಂಡು ಬಂದವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಚಂದ್ರಮತಿ, ಮೈಸೂರಿನ ಚಾಮರಾಜಪುರಂನವಳು. ನಮ್ಮ ತಾತ ಅರಮನೆಯ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದವರು. ನಾನು ಅದೇ ಅರಮನೆ ನೋಡಲು ಬರುವ ಪ್ರವಾಸಿಗರಿಗೆ ಇಪ್ಪತ್ತೆರಡು ವರ್ಷ ಗೈಡ್ ಆಗಿದ್ದೆ. ಆ ಕೆಲಸದಲ್ಲಿ ನನಗೆ ನಾನೇ ಹೇಳಿಕೊಟ್ಟುಕೊಂಡ ಪಾಠ ಒಂದೇ: ಕೇಳುವವರ ಮುಖ ಅರಳಬೇಕು. ನಿಜ ಹೇಳಿದರೆ ಅರಳುವುದಾದರೆ ನಿಜ, ಇಲ್ಲದಿದ್ದರೆ ಇನ್ನೊಂದು. ಮೊಣಕಾಲು ಕೈಕೊಟ್ಟು ಮೆಟ್ಟಿಲು ಹತ್ತಲಾಗದೆ ಮನೆಯಲ್ಲಿ ಕೂತಿದ್ದಾಗ ನಮ್ಮ ಬೀದಿಯಲ್ಲೇ ಬೆಳೆದ ಪ್ರದ್ಯುಮ್ನ ಬಂದ. ಗೋಕುಲಂನಲ್ಲಿ ಸ್ವಾಸ್ಥ್ಯ ಕೇಂದ್ರ ಇಟ್ಟಿದ್ದ. ಚಿಕ್ಕಂದಿನಲ್ಲಿ ಮೂಗು ಸೋರಿಸಿಕೊಂಡು ನಮ್ಮ ಮನೆಗೆ ಕಾಫಿಪುಡಿ ಸಾಲ ಕೇಳಲು ಬರುತ್ತಿದ್ದವನು, ಈಗ ಬಿಳಿ ಜುಬ್ಬಾ ಹಾಕಿಕೊಂಡು, ಕಣ್ಣು ಅರೆಮುಚ್ಚಿ, ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ.

"ಆಂಟಿ, ನೀವು ಸಮತಟ್ಟಾದ ಜಾಗದಲ್ಲಿ ನಡೆದರೆ ಸಾಕು. ಹಳ್ಳಿಯವನೊಬ್ಬ ಮುಂದೆ ಹೋಗ್ತಾನೆ, ಅವನು ಹೇಳಿದ್ದನ್ನ ನೀವು ಇಂಗ್ಲಿಷಿನಲ್ಲಿ ಹೇಳಿ" ಎಂದ.

ಹಳ್ಳಿ ಎಂದರೆ ಇಲವಾಲದಿಂದ ಒಳಗೆ ಹೋದರೆ ಸಿಗುವ ಹೊಂಗೆಕೊಪ್ಪಲು. ಒಂದು ಸಣ್ಣ ಕೆರೆ, ಅದಕ್ಕೊಂದು ಮಣ್ಣಿನ ಏರಿ, ಏರಿ ಮುಗಿದ ಕಡೆ ಮಾವು ಹೊಂಗೆ ಹುಣಸೆ ಬೆಳೆದ ಗುಂಡುತೋಪು. ಹಳ್ಳಿಯವನು ಎಂದರೆ ನಿಂಗಯ್ಯ. ಆ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವನ ಮನೆತನದ ಕೆಲಸ. ದಿನಾ ಬೆಳಿಗ್ಗೆ ಏರಿಯ ಮೇಲೆ ಒಂದು ಸಲ, ಆಮೇಲೆ ಏರಿಯ ಹಿಂಬದಿಯಲ್ಲಿ ಗದ್ದೆಗಳ ಕಡೆ ಅರ್ಧ ಎತ್ತರಕ್ಕೆ ಇರುವ ಕಾಲುದಾರಿಯಲ್ಲಿ ಒಂದು ಸಲ, ಬರಿಗಾಲಲ್ಲಿ, ಒಂದೊಂದೇ ಹೆಜ್ಜೆ ಊರಿ ನಡೆಯುತ್ತಿದ್ದ. ಮಾತಿಲ್ಲ ಕತೆಯಿಲ್ಲ. ಪ್ರದ್ಯುಮ್ನ ಇದನ್ನು ಎಲ್ಲೋ ಒಂದು ದಿನ ನೋಡಿ, "ಆಹಾ, ಧ್ಯಾನ" ಎಂದುಕೊಂಡನಂತೆ. ಹೀಗೆ ಹುಟ್ಟಿತು ನಮ್ಮ 'ಬರಿಗಾಲ ಮೌನ ನಡಿಗೆ'.

ಧ್ಯಾನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅವನು ಸೋರುವ ಜಾಗ ಹುಡುಕುತ್ತಿದ್ದ. ಏರಿ ಎಲ್ಲಾದರೂ ಒಳಗಿಂದೊಳಗೆ ನೀರು ಬಿಡುತ್ತಿದ್ದರೆ ಕಣ್ಣಿಗೆ ಕಾಣುವ ಮೊದಲು ಅಂಗಾಲಿಗೆ ತಣ್ಣಗೆ ತಿಳಿಯುತ್ತದಂತೆ. ಅದಕ್ಕೇ ಬರಿಗಾಲು, ಅದಕ್ಕೇ ನಿಧಾನ, ಅದಕ್ಕೇ ಬಾಯಿಗೆ ಬೀಗ. ಮೊದಲನೇ ದಿನವೇ ನನಗೆ ಇದನ್ನೆಲ್ಲ ಹೇಳಿದ. ನಾನು ಹಿಂದೆ ತಿರುಗಿ, "ಭೂಮಿತಾಯಿಯ ಉಸಿರನ್ನು ಪಾದಗಳಿಂದ ಕೇಳಿಸಿಕೊಳ್ಳಿ ಎಂದು ಈ ಹಿರಿಯರು ಹೇಳುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಬಿಟ್ಟೆ. ಹದಿನಾಲ್ಕು ಜನ ಕಣ್ಣು ಮುಚ್ಚಿದರು. ಒಬ್ಬಳಂತೂ ಅತ್ತೇಬಿಟ್ಟಳು. ಅಯ್ಯೋ ಕರ್ಮ ಎನ್ನಿಸಿದರೂ ಒಳಗೊಳಗೇ ನಗು ಬಂತು.

ನಾನು ಅವರೆಲ್ಲರನ್ನೂ ಕೀಳಾಗಿ ಕಂಡೆ, ಸುಳ್ಳೇಕೆ ಹೇಳಲಿ. ಬಾತುಕೋಳಿಗೂ ನೀರುಕಾಗೆಗೂ ವ್ಯತ್ಯಾಸ ಗೊತ್ತಿಲ್ಲದೆ ಎರಡಕ್ಕೂ ಕೈ ಮುಗಿಯುತ್ತಿದ್ದರು. ಸಗಣಿ ಕಂಡರೆ ಫೋಟೋ, ಎಮ್ಮೆ ಕಂಡರೆ ಫೋಟೋ, ಎಮ್ಮೆ ಇವರನ್ನು ಕಂಡು ಓಡಿದರೆ ಅದಕ್ಕೂ ಫೋಟೋ. ತೋಪಿನಲ್ಲಿ ಒಬ್ಬೊಬ್ಬರೂ ಒಂದೊಂದು ಮರ ತಬ್ಬಿಕೊಂಡು ನಿಲ್ಲಬೇಕು ಎಂದು ಪ್ರದ್ಯುಮ್ನನ ಆಜ್ಞೆ. ಹುಣಸೆಮರಕ್ಕೆ ಆತುಕೊಂಡವರಿಗೆ ಇರುವೆ ಹತ್ತಿ ಕುಣಿದರೆ, "ದೇಹ ಸ್ಪಂದಿಸುತ್ತಿದೆ" ಎನ್ನುತ್ತಿದ್ದೆ. ನಂಬುತ್ತಿದ್ದರು. ನಿಂಗಯ್ಯನ ಬಗ್ಗೆಯೂ ನನಗೆ ದೊಡ್ಡ ಗೌರವವೇನಿರಲಿಲ್ಲ. ಅಂಗಾಲು ಬಿಟ್ಟರೆ ಬೇರೆ ಲೋಕ ಕಾಣದವನು, ಹೇಳಿದ್ದನ್ನೇ ಹೇಳುವವನು, ಇವನ ಮಾತಿಗೆ ನನ್ನ ಇಂಗ್ಲಿಷು ಸಿಕ್ಕಿದ್ದೇ ಇವನ ಪುಣ್ಯ ಎಂದುಕೊಂಡಿದ್ದೆ.

ಎರಡನೇ ವರ್ಷದ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಹಿಂಬದಿಯ ಕಾಲುದಾರಿಯಲ್ಲಿ ಹೋಗುತ್ತಿದ್ದ ನಿಂಗಯ್ಯ ಗಕ್ಕನೆ ನಿಂತ. ಬಲಗಾಲನ್ನು ಎತ್ತಿ ಎತ್ತಿ ಇಟ್ಟ. ಅಲ್ಲಿಂದ ಕೆಳಗೆ ನೋಡಿದರೆ ಅವನ ಅಕ್ಕ ದೇವಿರಮ್ಮನ ಹೆಂಚಿನ ಮನೆ, ಮುಂದೆ ಅವಳ ಅರ್ಧ ಎಕರೆ ಗದ್ದೆ.

"ಅಮ್ಮಾರೇ, ಇಲ್ಲಿ ಜಿನುಗ್ತಾ ಅದೆ. ನೀರು ಒಳಗೇ ದಾರಿ ಮಾಡ್ಕತಾ ಅದೆ. ನಾಕಡಿ ನೀರು ಇಳಿಸ್ಬುಟ್ರೆ ಅಗೆದು, ಜೇಡಿಮಣ್ಣು ತುಳ್ದು, ಮುಚ್ಬುಡ್ತೀನಿ. ಚಿತ್ತೆ ಮಳೆ ಬರೋದ್ರೊಳಗೆ ಆಗ್ಬೇಕು. ನಿಮ್ ಸಾಹೇಬ್ರಿಗೆ ಒಂದು ಮಾತು ಹೇಳಿ" ಎಂದ.

"ಸಾಹೇಬರಿಗ್ಯಾಕೆ? ನಿಮ್ಮ ಕೆರೆ, ನೀನೇ ಇಳಿಸು."

"ಚಾಮಯ್ಯನೋರು ಒಪ್ಪಲ್ಲ ಕಣ್ರಮ್ಮ. ದೇವಸ್ಥಾನಕ್ಕೆ ಸಾಹೇಬ್ರು ಚಾವಣಿ ಹಾಕಿಸ್ಕೊಟ್ಟವ್ರೆ. ದಸರಾ ಮುಗಿಯೋಗಂಟ ಕೆರೆ ತುಂಬಿರ್ಬೇಕು ಅಂತ ಮಾತಾಗದೆ. ಸಾಹೇಬ್ರು ಹೂಂ ಅಂದ್ರೆ ಮಾತ್ರ ತೂಬು ಎತ್ತು ಅಂದವ್ರೆ."

ಚಾಮಯ್ಯ ಎಂದರೆ ಆ ಕೆರೆಯ ರೈತರ ಸಂಘದ ಯಜಮಾನ. ಮಾತಾಗಿದ್ದು ನಿಜ. ತುಂಬಿದ ನೀರಿನಲ್ಲಿ ಸೂರ್ಯ ಕಾಣಬೇಕು ಎಂದು ಪ್ರದ್ಯುಮ್ನ ಹಟ ಹಿಡಿದು, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಗೂ ಮರಳಿನ ಚೀಲ ಅಡ್ಡ ಇಡಿಸಿ, ಒಂದಡಿ ಜಾಸ್ತಿ ನೀರು ನಿಲ್ಲಿಸಿದ್ದ. ಅವನು ಹಳ್ಳಿಯ ಕಡೆ ತಲೆ ಹಾಕುತ್ತಿದ್ದದ್ದು ಆರು ತಿಂಗಳಿಗೊಮ್ಮೆ. ನಿಂಗಯ್ಯ ಒಂದು ಸಲ ಗೋಕುಲಂಗೇ ಹೋಗಿದ್ದನಂತೆ. ನಡಿಗೆಯ ವಿಷಯವೆಲ್ಲ ಚಂದ್ರಮತಿ ಮೇಡಂ ನೋಡಿಕೊಳ್ಳುತ್ತಾರೆ ಎಂದು ಗೇಟಿನವನು ವಾಪಸು ಕಳಿಸಿದ್ದ.

"ಆಯ್ತು, ಹೇಳ್ತೀನಿ" ಎಂದು, ಹಿಂದೆ ಕಾಯುತ್ತಿದ್ದವರ ಕಡೆ ತಿರುಗಿದೆ. ಅವರು ಕಣ್ಣರಳಿಸಿ ನಿಂತಿದ್ದರು. ಏನು ಹೇಳುವುದು? ಏರಿ ಸೋರುತ್ತಿದೆ ಎಂದರೆ ಮುಖ ಅರಳುತ್ತದೆಯೇ? "ಇಲ್ಲಿ ಭೂಮಿ ತಂಪಾಗಿದೆ. ನಿಮ್ಮ ಒಳಗಿನ ಉರಿಯನ್ನು ಇಲ್ಲಿ ಬಿಟ್ಟುಹೋಗಿ ಎನ್ನುತ್ತಿದ್ದಾರೆ" ಎಂದೆ.

ಒಬ್ಬೊಬ್ಬರಾಗಿ ಬಂದು ಅಲ್ಲಿ ನಿಂತರು. "ಓಹ್" ಎಂದರು. ಕಾಲು ತಣ್ಣಗಾದದ್ದಕ್ಕೆ ಇಷ್ಟು ಸಂಭ್ರಮವೇ? ಮನೆಯಲ್ಲಿ ಬಚ್ಚಲಿರಲಿಲ್ಲವೇ? ಒಂದು ವಾರದಲ್ಲಿ ಆ ಸುದ್ದಿ ಪ್ರದ್ಯುಮ್ನನ ಕಿವಿಗೆ ಬಿತ್ತು. ಇನ್ನೊಂದು ವಾರಕ್ಕೆ 'ತಂಪು ತಾಣ' ಎಂದು ಕೇಂದ್ರದ ಕರಪತ್ರದಲ್ಲಿ ಅಚ್ಚಾಯಿತು. ಮತ್ತೊಂದು ವಾರಕ್ಕೆ ಇಬ್ಬರು ಆಳುಗಳು ಬಂದು, ಸರಿಯಾಗಿ ಆ ಜಾಗದಲ್ಲೇ ಮೂರಡಿ ಗುಂಡಿ ತೋಡಿ, ಬೋರ್ಡು ನೆಟ್ಟು ಹೋದರು. ಸೋರುವ ಏರಿಗೆ ಗುಂಡಿ! ನಿಂಗಯ್ಯ ಅವತ್ತು ತಲೆಯ ಮೇಲೆ ಕೈಹೊತ್ತು ಕೂತಿದ್ದ. ನಾನು ಅದನ್ನೂ ನೋಡಿ ನಕ್ಕೆ. ಸೋರುವ ಜಾಗವನ್ನು ಔಷಧಿ ಎಂದು ಮಾರುವವನೊಬ್ಬ, ಕೊಳ್ಳುವವರು ಇಪ್ಪತ್ತು ಜನ; ಇಂಥವರ ನಡುವೆ ಬುದ್ಧಿ ಇರುವವಳು ನಾನೊಬ್ಬಳೇ ಎಂದು ನನಗೆ ಭಾರಿ ಹೆಮ್ಮೆಯಿತ್ತು.

ನಿಂಗಯ್ಯ ಎರಡನೇ ಸಲ ಕೇಳಿದ. "ಹೇಳಿದ್ರಾ ಅಮ್ಮಾರೇ?"

"ಹೇಳಿದೀನಿ. ದಸರಾ ಆಗ್ಲಿ ಅಂದಿದಾರೆ."

ಹೇಳಿರಲಿಲ್ಲ. ಹೇಳದಿರುವುದಕ್ಕೆ ದೊಡ್ಡ ಕಾರಣವೂ ಇರಲಿಲ್ಲ. ಪ್ರದ್ಯುಮ್ನನ ಮುಂದೆ ನಿಂತು, "ತಂಪು ತಾಣ ಅಂದರೆ ಏರಿ ಸೋರುವ ಜಾಗ" ಎಂದರೆ, ಅದನ್ನು ತಂಪು ಎಂದು ಮೊದಲು ಹೇಳಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದು ಬೇಡವಾಗಿತ್ತು. ಜೊತೆಗೆ, ಒಬ್ಬ ನೀರುಗಂಟಿಯ ಅಂಗಾಲಿನ ಮಾತು ಕೇಳಿ ದಸರಾ ಸೀಸನ್ನನ್ನು ಯಾರು ಕೆಡಿಸಿಕೊಳ್ಳುತ್ತಾರೆ ಎಂಬ ಉಡಾಫೆ.

ಮೂರನೇ ಸಲ ಅವನು ಕೇಳಲಿಲ್ಲ, ತೋರಿಸಿದ. ನವರಾತ್ರಿ ಶುರುವಾಗಿತ್ತು. ಬಂದವರೆಲ್ಲ ತೋಪಿನಲ್ಲಿ ಮರ ತಬ್ಬಿಕೊಂಡಿದ್ದಾಗ ನನ್ನನ್ನು ವಾಪಸು ಕರೆದುಕೊಂಡು ಹೋಗಿ, "ಚಪ್ಪಲಿ ಬುಟ್ಟು ನಿಂತ್ಕಳಿ ಒಂದು ಗಳಿಗೆ" ಎಂದ. ನಾನು ಅಲ್ಲಿಯವರೆಗೆ ಎಲ್ಲರನ್ನೂ ಬರಿಗಾಲಲ್ಲಿ ನಡೆಸಿ, ನಾನು ಮಾತ್ರ ಚಪ್ಪಲಿಯಲ್ಲೇ ನಡೆದವಳು. ಬಿಟ್ಟು ನಿಂತೆ. ಬೋರ್ಡಿನ ಬುಡದಲ್ಲಿ ಮಣ್ಣು ಬರೀ ತಣ್ಣಗಿರಲಿಲ್ಲ, ಮೆತ್ತಗಿತ್ತು, ಬೆರಳು ಒಳಗಿಳಿಯಿತು. ಸ್ವಲ್ಪ ಕೆಳಗೆ ಹುಲ್ಲಿನ ಸಂದಿಯಲ್ಲಿ ನೀರು ಒಸರುತ್ತಿತ್ತು. ಅವನು ಬೊಗಸೆಯಲ್ಲಿ ಹಿಡಿದು ನನ್ನ ಮುಖದ ಹತ್ತಿರ ತಂದ.

"ತಿಳಿ ನೀರು ಬಂದ್ರೆ ಎದ್ರಿಕೆ ಇಲ್ಲ. ಕೆಸರು ಬಂತು ಅಂದ್ರೆ ಏರಿ ಒಳಗಿನ ಮಣ್ಣು ಕರಗ್ತಾ ಅದೆ ಅಂತ. ನೋಡಿ. ಕೆಳಗೆ ನಮ್ಮಕ್ಕ ಮಲಗ್ತಳೆ."

ಬೊಗಸೆಯಲ್ಲಿ ಕೆಂಪು ಕೆಸರು. ಚಪ್ಪಲಿ ಮೆಟ್ಟಿಕೊಂಡು, "ಇವತ್ತೇ ಹೇಳ್ತೀನಿ" ಎಂದೆ. ಅವತ್ತು ಸಂಜೆ ಹೋದೆ ಕೂಡ. ಪ್ರದ್ಯುಮ್ನ ಬೊಂಬೆ ಕೂರಿಸಿ, ಅತಿಥಿಗಳನ್ನೆಲ್ಲ ಸುತ್ತ ಕೂರಿಸಿಕೊಂಡು, ಯಾವ ಬೊಂಬೆಗೆ ಯಾವ ಶಕ್ತಿ ಎಂದು ಹೇಳುತ್ತಿದ್ದ. ನನ್ನನ್ನು ಕಂಡು, "ಬನ್ನಿ ಬನ್ನಿ, ನಮ್ಮ ನಡಿಗೆಯ ಜೀವಾಳ" ಎಂದು ಎಲ್ಲರಿಗೂ ತೋರಿಸಿದ. ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿಸಿಕೊಂಡು, ಸುಂಡಲ್ ತಿಂದು, ಮನೆಗೆ ಬಂದೆ.

ಮೂರು ದಿನ ಬಿಟ್ಟು ಬೆಳಿಗ್ಗೆ ವ್ಯಾನಿನಿಂದ ಇಳಿದರೆ ಕೆರೆ ಅರ್ಧ ಇಲ್ಲ. ಸುತ್ತ ಕಪ್ಪು ಕೆಸರು, ಕೊಳೆತ ವಾಸನೆ, ಒಣಗಿದ ಜೊಂಡು, ಯಾವುದೋ ಕಾಲದ ಒಂದು ಟೈರು. ಹಿಂದಿನ ದಿನ ಊರಿನವರೆಲ್ಲ ದಸರಾ ನೋಡಲು ಮೈಸೂರಿಗೆ ಹೋಗಿದ್ದಾಗ ನಿಂಗಯ್ಯ ತೂಬು ಎತ್ತಿಬಿಟ್ಟಿದ್ದ. ಅಂದು ಬಂದವರು ಇಪ್ಪತ್ತೆರಡು ಜನ. ಸೂರ್ಯನನ್ನು ನೀರಿನಲ್ಲಿ ನೋಡಲು ಬಂದವರು ಟೈರು ನೋಡಿಕೊಂಡು ನಿಂತರು. ಒಬ್ಬ ಮೂಗು ಮುಚ್ಚಿಕೊಂಡು, "ಇದೂ ನಡಿಗೆಯ ಭಾಗವೇ?" ಎಂದು ಕೇಳಿದ. ಹೌದು ಎಂದಿದ್ದರೆ ಅದಕ್ಕೂ ಕಣ್ಣು ಮುಚ್ಚುತ್ತಿದ್ದ, ಪುಣ್ಯಾತ್ಮ.

ಅವತ್ತೇ ಮಧ್ಯಾಹ್ನ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಪ್ರದ್ಯುಮ್ನ ಕುರ್ಚಿಯಲ್ಲಿ, ಪಕ್ಕದಲ್ಲಿ ನಾನು, ಎದುರಿಗೆ ಚಾಮಯ್ಯ, ಸುತ್ತ ರೈತರು. ನಿಂಗಯ್ಯ ನಿಂತಿದ್ದ. ಹೆಂಗಸರ ಸಾಲಿನಲ್ಲಿ ದೇವಿರಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ರೈತರಿಗೂ ಸಿಟ್ಟು ಬಂದಿತ್ತು. ಮುಂದಿನ ಬೆಳೆಯ ನೀರು ಹಳ್ಳಕ್ಕೆ ಹರಿದುಹೋಗಿತ್ತು. ನೀರು ಇಳಿದ ಮೇಲೆ ಏರಿಯ ಒಸರೂ ನಿಂತು, ತೋರಿಸಲು ಗುರುತು ಉಳಿದಿರಲಿಲ್ಲ.

"ಸಾಹೇಬ್ರನ್ನ ಕೇಳು ಅಂದಿದ್ದೆ ತಾನೇ? ಕೇಳ್ದೆ ಅದೆಂಗೆ ಎತ್ತಿದಯ್ಯಾ?" ಎಂದ ಚಾಮಯ್ಯ.

"ಕೇಳಿವ್ನಿ. ಅಮ್ಮಾರ ಕೈಲಿ ಮೂರು ದಪ ಹೇಳಿ ಕಳ್ಸಿವ್ನಿ. ಕೆಸರು ನೀರು ಅವ್ರಿಗೇ ತೋರ್ಸಿವ್ನಿ. ಅವ್ರನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಪ್ರದ್ಯುಮ್ನ ಉಸಿರು ಎಳೆದುಕೊಳ್ಳುವುದನ್ನು ಮರೆತು, "ಆಂಟಿ, ನಿಮಗೆ ಹೇಳಿದ್ದನಾ? ನನಗಂತೂ ಯಾರೂ ಏನೂ ಹೇಳಿಲ್ಲ" ಎಂದ.

ಹೌದು ಎನ್ನಬೇಕಿತ್ತು. ಎರಡಕ್ಷರ. ಆದರೆ ಅದರ ಹಿಂದೆಯೇ, ಹಾಗಾದರೆ ನೀವೇಕೆ ಹೇಳಲಿಲ್ಲ ಎಂದು ಬರುತ್ತಿತ್ತು. ಅರಮನೆಯಲ್ಲಿ ಕೆಲಸಕ್ಕಿದ್ದವರ ಮೊಮ್ಮಗಳು, ಈ ಹಳ್ಳಿಗರ ಮುಂದೆ, ನಿನ್ನೆ ಮೊನ್ನೆಯ ಈ ಜುಬ್ಬಾದವನ ಮುಂದೆ, ತಲೆ ತಗ್ಗಿಸಬೇಕೇ?

"ನನಗೆ ಇವನು ಅಂಥದ್ದೇನೂ ಹೇಳಿಲ್ಲ. ಕೆಸರು ನೀರು ನಾನು ಕಂಡಿಲ್ಲ" ಎಂದೆ. ಇಪ್ಪತ್ತೆರಡು ವರ್ಷ ಪಳಗಿದ ನಾಲಿಗೆ, ಒಂದಿಷ್ಟೂ ತೊದಲಲಿಲ್ಲ.

ನಿಂಗಯ್ಯ ನನ್ನನ್ನು ಬೈಯಲಿಲ್ಲ. "ಬುಡಿ, ಅಮ್ಮಾರಿಗೆ ನಮ್ ಮಾತು ಸರ್ಯಾಗಿ ತಿಳೀನಿಲ್ಲ ಅಂತ ಕಾಣ್ತದೆ" ಎಂದ. ನನಗೆ ಮೈ ಉರಿದುಹೋಯಿತು. ಇವನಿಂದ ನನಗೆ ದಯೆ! ಚಾಮಯ್ಯ ಕೈ ಚಾಚಿದ. ತೂಬು ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲನ್ನು ನಿಂಗಯ್ಯ ಪಂಚೆಯಲ್ಲಿ ಒರೆಸಿ ಅವನ ಕೈಗೆ ಕೊಟ್ಟು ಹೊರಟುಹೋದ. ಏರಿ ಅಗೆಯಲು ಬಿಡಿ ಎಂದು ದೇವಿರಮ್ಮ ಎದ್ದು ನಿಂತು ಎರಡು ಸಲ ಹೇಳಿದಳು. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತೂಬು ಮುಚ್ಚಿದರು.

ದಸರಾ ಹೊತ್ತಿನ ಚಿತ್ತೆ ಮಳೆ ಆ ವರ್ಷ ಹುಚ್ಚೆದ್ದು ಹೊಯ್ಯಿತು. ಐದೇ ದಿನಕ್ಕೆ ಕೆರೆ ತುಂಬಿ, ಕೋಡಿಯ ಮರಳಿನ ಚೀಲದವರೆಗೆ ಬಂತು. ಪ್ರದ್ಯುಮ್ನನಿಗೆ ಆನಂದವೋ ಆನಂದ. "ಆಂಟಿ, ಇನ್ಮೇಲೆ ನೀವೇ ಮುಂದೆ ನಡೀರಿ. ದಾರಿ ಗೊತ್ತಲ್ಲ. ಚಪ್ಪಲಿ ಮಾತ್ರ ಹಾಕ್ಕೋಬೇಡಿ, ಚೆನ್ನಾಗಿ ಕಾಣಲ್ಲ" ಎಂದ.

ಮಳೆ ಬಿಟ್ಟ ಮೊದಲ ಬೆಳಿಗ್ಗೆ ಹನ್ನೊಂದು ಜನರನ್ನು ಬೆನ್ನಿಗೆ ಹಾಕಿಕೊಂಡು ಹೊರಟೆ. ಬರಿಗಾಲಲ್ಲಿ ಕಲ್ಲು ಚುಚ್ಚಿ, ಒಂದೊಂದು ಹೆಜ್ಜೆಗೂ ಶಪಿಸುತ್ತಾ ಹಿಂಬದಿಯ ದಾರಿಗೆ ಇಳಿದೆ. ಬೋರ್ಡು ಒಂದು ಕಡೆಗೆ ವಾಲಿತ್ತು. ಇನ್ನೊಂದು ಹೆಜ್ಜೆ ಇಟ್ಟೆ, ಕಾಲು ಮೊಣಕಾಲವರೆಗೆ ಹೂತುಹೋಯಿತು. ಒಳಗೆ ನೀರು ಹರಿಯುತ್ತಿತ್ತು. ಕಾಲಿನ ಸುತ್ತ ಎಳೆದು ಎಳೆದು ಹೋಗುತ್ತಿತ್ತು. ಹೇಗೋ ಕಿತ್ತುಕೊಂಡು ಕೆಳಗೆ ನೋಡಿದರೆ ಹುಲ್ಲಿನಿಂದ ತೋಳು ಗಾತ್ರದ ಕೆಂಪು ನೀರು ಚಿಮ್ಮುತ್ತಿತ್ತು.

"ಹಿಂದೆ ಹೋಗಿ! ತೋಪಿಗೆ ಓಡಿ!" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಹನ್ನೊಂದು ಜನವೂ ನಗುತ್ತಾ ನಿಂತರು. ಓಡುವುದು ಇವತ್ತಿನ ಹೊಸ ಪಾಠ ಎಂದುಕೊಂಡರೋ ಏನೋ, ಒಬ್ಬ ನಿಧಾನವಾಗಿ, ಕೈಗಳನ್ನು ಅಗಲಿಸಿ, ಹಕ್ಕಿಯ ಹಾಗೆ ಓಡಲು ಶುರುಮಾಡಿದ. ಅವನ ತೋಳು ಹಿಡಿದು ದಬ್ಬಿದೆ. ಮುಖಕ್ಕೆ ಹೊಡೆದ ಹಾಗೆ ಕಿರುಚಿದ ಮೇಲೆ ಹೊರಟರು.

ನಾನು ಏರಿ ಇಳಿದು ದೇವಿರಮ್ಮನ ಮನೆಗೆ ಬಿದ್ದೆನೋ ಕೆಟ್ಟೆನೋ ಎಂದು ಓಡಿದೆ. ಅವಳು ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು.

"ಏಳಿ! ಏರಿ ಒಡೀತಿದೆ! ಮನೆ ಬಿಟ್ಟು ಹೊರಗೆ ಬನ್ನಿ!"

ಅವಳು ಕೈ ನಿಲ್ಲಿಸಲಿಲ್ಲ. "ಯಾರು ಅಂದೋರು?"

"ನಾನೇ ನೋಡಿದೆ!"

"ಅವತ್ತೂ ನೋಡಿದ್ರಿ. ಕಟ್ಟೇಲಿ ನೋಡಿಲ್ಲ ಅಂದ್ರಿ" ಎಂದಳು. "ನನ್ ತಮ್ಮ ಬಂದು ಏಳು ಅನ್ಲಿ, ಏಳ್ತೀನಿ."

ಅವಳ ರಟ್ಟೆ ಹಿಡಿದು ಎಳೆದೆ. ನನ್ನ ಕೈಯನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಇನ್ನು ಮಾತಾಡಿ ಉಪಯೋಗವಿಲ್ಲ ಎಂದು ಊರೊಳಕ್ಕೆ ಓಡಿದೆ. ಮೊಣಕಾಲು ಪ್ರಾಣ ಹಿಂಡುತ್ತಿತ್ತು. ನಿಂಗಯ್ಯ ಮನೆಯ ಮುಂದೆ ಕರುವಿಗೆ ಹುಲ್ಲು ಹಾಕುತ್ತಿದ್ದ. ನಾನು ಎದುರಿಗೆ ನಿಂತು ಏದುಸಿರು ಬಿಡುತ್ತಾ, "ಅಲ್ಲಿ... ಕಾಲು..." ಎನ್ನುವಷ್ಟರಲ್ಲಿ ಅವನು ನನ್ನ ಮೊಣಕಾಲವರೆಗಿನ ಕೆಂಪು ಕೆಸರನ್ನು ನೋಡಿದ.

"ಒಳಗೆ ನೀರು ನಿಂತಿತ್ತಾ, ಎಳೀತಿತ್ತಾ?"

"ಎಳೀತಿತ್ತು."

ಅಷ್ಟೇ ಕೇಳಿದ್ದು. ನೀವು ಹೇಳುವುದನ್ನು ನಾನು ಯಾಕೆ ನಂಬಬೇಕು ಎನ್ನಲಿಲ್ಲ. ಹಾರೆ ಎತ್ತಿಕೊಂಡು ಓಡಿದ. ಓಡುತ್ತಲೇ ಅಕ್ಕನ ಮನೆಯ ಕಡೆ ಒಂದು ಕೂಗು ಹಾಕಿದ. ದೇವಿರಮ್ಮ ಕಡಲೆಕಾಯಿ ಮೊರ ಅಲ್ಲೇ ಬಿಟ್ಟು ಎದ್ದಳು. ಆದರೆ ಹ್ಯಾಂಡಲ್ಲು ಚಾಮಯ್ಯನ ಮನೆಯಲ್ಲಿತ್ತು. ಅವನ ಬಾಗಿಲಿಗೆ ಹೋದಾಗ ಏಳೆಂಟು ಜನ ರೈತರು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

"ಮತ್ತೆ ಶುರುವಾಯ್ತಾ ನಿಂದು? ಮತ್ತೆ ಕೆರೆ ಬರಿದು ಮಾಡ್ಬೇಕಾ?" ಎಂದ ಚಾಮಯ್ಯ.

"ಅಮ್ಮಾರು ಕಂಡವ್ರೆ."

"ಯಾವ ಅಮ್ಮಾರು? ನೀನು ಹೇಳೇ ಇಲ್ಲ ಅಂದ್ರಲ್ಲ, ಅವ್ರಾ?"

ನಿಂಗಯ್ಯ ಕೈ ಚಾಚಿದ. ನನ್ನ ಕಡೆ ನೋಡಲೂ ಇಲ್ಲ. ಚಾಮಯ್ಯನ ಹಿಂದೆ ಗೋಡೆಯ ಮೊಳೆಗೆ ಹ್ಯಾಂಡಲ್ಲು ತೂಗುಹಾಕಿತ್ತು. ಅವನು ಅದಕ್ಕೆ ಅಡ್ಡ ನಿಂತಿದ್ದ. ನಾನು ನನ್ನ ಸುಳ್ಳು ಒಪ್ಪಿಕೊಳ್ಳದೆ ಅವನು ಅಲ್ಲಿಂದ ಸರಿಯುವುದಿಲ್ಲ ಎಂದು ಗೊತ್ತಾಯಿತು.

"ಹೇಳಿದ್ರು" ಎಂದೆ. "ನಿಂಗಯ್ಯನವರು ನನಗೆ ಮೂರು ಸಲ ಹೇಳಿದ್ರು. ಕೆಸರು ನೀರು ಬೊಗಸೇಲಿ ಹಿಡಿದು ತೋರಿಸಿದ್ರು. ಪ್ರದ್ಯುಮ್ನನಿಗೆ ನಾನೇ ಹೇಳ್ಲಿಲ್ಲ. ಹೇಳಿದೀನಿ ಅಂತ ಇವರಿಗೆ ಸುಳ್ಳು ಹೇಳಿದೆ. ಕಟ್ಟೇಲೂ ಸುಳ್ಳು ಹೇಳಿದೆ. ಈಗಲಾದ್ರೂ ಆ ಹ್ಯಾಂಡಲ್ ಕೊಡ್ರಿ, ನಿಮ್ ದಮ್ಮಯ್ಯ!"

ಒಬ್ಬ ಮುದುಕ "ಥೂ" ಎಂದು ಅಂಗಳಕ್ಕೆ ಉಗಿದ. ಚಾಮಯ್ಯ ಹ್ಯಾಂಡಲ್ಲನ್ನು ಕಿತ್ತು ನಿಂಗಯ್ಯನ ಕೈಗೆ ಕೊಟ್ಟು, ತಾನೂ ಗುದ್ದಲಿ ಹಿಡಿದ. ನಿಂಗಯ್ಯ ತೂಬು ಎತ್ತಿದ. ಉಳಿದವರು ಕೋಡಿಯ ಮರಳಿನ ಚೀಲಗಳನ್ನು ಎಳೆದು ಹಾಕಿದರು. ನೀರು ಕೋಡಿಯಲ್ಲಿ ಭೋರೆಂದು ಹೊರಟಿತು. ಹೊತ್ತು ನೆತ್ತಿಗೇರುವ ಮೊದಲು ಗಾಡಿಯಷ್ಟು ಮಣ್ಣು ಬೋರ್ಡಿನ ಸಮೇತ ಜಾರಿ ದೇವಿರಮ್ಮನ ಗದ್ದೆಗೆ ಬಿತ್ತು. ಅರ್ಧ ಪೈರು ಹೋಯಿತು. ಏರಿ ನಿಂತಿತು. ಮನೆ ಉಳಿಯಿತು.

ಪ್ರದ್ಯುಮ್ನ ಫೋನಿನಲ್ಲೇ ನನ್ನನ್ನು ಕೆಲಸದಿಂದ ತೆಗೆದ. ಹನ್ನೊಂದು ಜನರನ್ನು ವ್ಯಾನು ಬಂದು ಕರೆದುಕೊಂಡು ಹೋಯಿತು, ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಇಲವಾಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ದೇವಿರಮ್ಮನ ಜಗುಲಿಯ ಮೇಲೆ ಕೂತೆ, ಬೇರೆ ಜಾಗ ಇರಲಿಲ್ಲ. ಅವಳು ಒಳಗಿನಿಂದ ಒಂದು ಚೊಂಬು ನೀರು ತಂದು ಕಾಲ ಹತ್ತಿರ ಇಟ್ಟಳು. ಮನೆಗೆ ಬಂದವರ ಕಾಲಿಗೆ ನೀರು ಕೊಡುವುದು ಅವರಲ್ಲಿ ರೂಢಿ. ನಾನು ಕೆಸರು ತೊಳೆದುಕೊಳ್ಳುವುದನ್ನು ಅವಳು ಕಂಬಕ್ಕೆ ಒರಗಿ ನೋಡುತ್ತಿದ್ದಳು.

"ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ" ಎಂದಳು. "ಇವತ್ತು ನಿಜ ಹೇಳಿದ್ರಲ್ಲ, ನಾವು ಕೊಚ್ಕೊಂಡೋಯ್ತೀವಿ ಅಂತ್ಲಾ, ನಿಮ್ ಕಾಲೇ ಹೂತೋಯ್ತು ಅಂತ್ಲಾ?"

ಅವಳ ಮುಖ ಅರಳುವ ಉತ್ತರ ನನಗೆ ಗೊತ್ತಿತ್ತು. ಅಂಥದ್ದರಲ್ಲಿ ನಾನು ಎತ್ತಿದ ಕೈ.

"ನನ್ನ ಕಾಲು ಹೂತುಹೋಯ್ತು ಅಂತ" ಎಂದೆ.

ದೇವಿರಮ್ಮ ತಲೆಯಾಡಿಸಿದಳು. ಚೊಂಬಿನಲ್ಲಿ ಉಳಿದ ನೀರನ್ನು ದಾಸವಾಳದ ಬುಡಕ್ಕೆ ಸುರಿದು, ಒಳಗೆ ಹೋಗಿ ಕದ ಹಾಕಿಕೊಂಡಳು.